ಬಾಣಂತಿ ಮನೆಯ ಹೀಟ್ ಪಂಪ್

‘ಇದೇನು ಬಿಸಿನೀರಾ, ಆರೋದ ಕಾಫಿನಾ?’

ಬಕೆಟ್ಟಿಗೆ ಮೊಣಕೈ ಅದ್ದಿ ತೆಗೆದ ನಮ್ಮ ಚಿಕ್ಕಮ್ಮ ಬಚ್ಚಲುಮನೆಯಿಂದಲೇ ಕೂಗಿದರು. ಅವರ ಪಕ್ಕದಲ್ಲಿ, ಮೈತುಂಬ ಹರಳೆಣ್ಣೆ ಹಚ್ಚಿಸಿಕೊಂಡು, ನನ್ನ ಬಾಣಂತಿ ಮಗಳು ದಿವ್ಯ ಮಣೆಯ ಮೇಲೆ ನಡುಗುತ್ತಾ ಕೂತಿದ್ದಳು. ನನ್ನ ತೋಳಲ್ಲಿ ಮೊಮ್ಮಗಳು. ಅವಳಿಗೂ ಎಣ್ಣೆ. ನಮ್ಮ ಮನೆಯವರು ನಡುಮನೆಯಲ್ಲಿ ಮ್ಯಾನುಯಲ್ ಬಿಡಿಸಿಕೊಂಡು ಕೂತಿದ್ದರು. (ಅದನ್ನು ಅವರು ಓದುತ್ತಿರಲಿಲ್ಲ. ಅದರ ಹಿಂದೆ ಅಡಗಿಕೊಂಡಿದ್ದರು.)

ತಪ್ಪು ಅವರದೇ. ದೊಡ್ಡಬಳ್ಳಾಪುರದಿಂದ ಮಧುರೆ ಹೋಬಳಿ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯಲ್ಲಿ ಮೊನ್ನೆ ಮೊನ್ನೆಯವರೆಗೂ ಹಂಡೆ ಒಲೆಯಿತ್ತು. ಮಗಳಿಗೆ ದಿನ ತುಂಬುತ್ತಿದ್ದ ಹಾಗೆ ಇವರಿಗೆ ಜ್ಞಾನೋದಯವಾಯಿತು. ‘ಮಗು ಬರೋ ಮನೇಲಿ ಹೊಗೆ ಯಾಕೆ?’ ಎಂದರು. ಒಲೆ ಒಡೆಸಿದರು, ಅಲ್ಲಿಗೆ ಟೈಲ್ಸ್ ಹಾಕಿಸಿದರು, ಹಂಡೆಯನ್ನು ಅಟ್ಟಕ್ಕೆ ಏರಿಸಿದರು. ಬಚ್ಚಲುಮನೆಯ ಬಾಗಿಲು ತೆರೆಯುವ ಹಿತ್ತಲಿನ ಓಣಿಯಲ್ಲಿ ಹೀಟ್ ಪಂಪ್ ಬಂದು ಕೂತಿತು.

ನೋಡಿಲ್ಲದವರಿಗೆ ಹೇಳುತ್ತೇನೆ. ಎಸಿ ಇರುವ ಮನೆಗಳ ಹೊರಗೆ ಫ್ಯಾನ್ ಇರುವ ಡಬ್ಬ ಒಂದಿರುತ್ತದಲ್ಲ, ಹೆಚ್ಚುಕಡಿಮೆ ಅದೇ. ಪಕ್ಕದಲ್ಲೊಂದು ದೊಡ್ಡ ಟ್ಯಾಂಕು. ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಎಳೆದುಕೊಂಡು ನೀರಿಗೆ ಕೊಡುತ್ತದಂತೆ. ಕರೆಂಟು ಕಡಿಮೆ, ಹೊಗೆ ಇಲ್ಲವೇ ಇಲ್ಲ. ಮಗು ನೋಡಲು ಬಂದ ಬೀಗರಿಗೂ ಇವರು ಮೊದಲು ಮಾಡಿಸಿದ್ದು ಮೆಷೀನಿನ ದರ್ಶನ!

ಚಿಕ್ಕಮ್ಮ ಬರುವವರೆಗೂ ನೀರು ಚೆನ್ನಾಗಿಯೇ ಕಾಯುತ್ತಿತ್ತು. ಅವರು ಬಂದ ಮರುದಿನದಿಂದ ಉಗುರುಬೆಚ್ಚಗೆ.

ಚಿಕ್ಕಮ್ಮ ಎಂದರೆ ಹೊಸಕೋಟೆ ಕಡೆಯ ಸಮೇತನಹಳ್ಳಿಯವರು. ನಮ್ಮಮ್ಮ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ನನ್ನ ಬಾಣಂತನವಾಗಿದ್ದು ಇದೇ ಚಿಕ್ಕಮ್ಮನ ಮನೆಯಲ್ಲಿ. ನಮ್ಮ ಕಡೆಯ ಮಕ್ಕಳೆಲ್ಲ ಅವರ ಕಾಲ ಮೇಲೆ ಮಲಗಿ, ಅತ್ತು, ನೀರು ಹಾಕಿಸಿಕೊಂಡು ಬೆಳೆದವರೇ. ಬಾಣಂತಿಯ ನೀರೆಂದರೆ ಹಬೆ ಆಡುತ್ತಿರಬೇಕು, ಸೊಂಟದ ಮೇಲೆ ಚೊಂಬು ಚೊಂಬು ಬೀಳಬೇಕು, ಬಿದ್ದಾಗ ಅವಳು ‘ಅಯ್ಯಯ್ಯೋ’ ಅನ್ನಬೇಕು. ಇದು ಅವರ ಲೆಕ್ಕ. ನಮ್ಮ ದಿವ್ಯ ಅಂದಿದ್ದು ‘ಅಜ್ಜಿ, ಚಳಿ’.

‘ನೋಡು ಸರೋಜಾ, ಭಾನುವಾರದ ತಂಕ ನೋಡ್ತೀನಿ’ ಎಂದರು ಚಿಕ್ಕಮ್ಮ. ‘ನೀರು ಸರಿಯಾಗಿ ಕಾಯ್ಲಿಲ್ಲ ಅಂದ್ರೆ ತಾಯಿ ಮಗು ಇಬ್ರನ್ನೂ ನಮ್ಮೂರಿಗೆ ಕರ್ಕೊಂಡೋಯ್ತೀನಿ. ಹಂಡೆ ಐತೆ, ಸೌದೆ ಐತೆ. ನೀನು ಬಂದು ನೋಡ್ಕೊಂಡು ಹೋಗ್ತಿರು.’

ಬಂದು ನೋಡಿಕೊಂಡು ಹೋಗುವುದೇ? ನನ್ನ ಮಗಳನ್ನು ನಾನು? ಅಮ್ಮನ ಕೈಯ ಬಾಣಂತನ ನನಗಂತೂ ಸಿಗಲಿಲ್ಲ, ಮಗಳಿಗಾದರೂ ಸಿಗಲಿ ಎಂದು ಎಷ್ಟು ದಿನದಿಂದ ಕಾದಿದ್ದೆ. ಮೆಣಸು ಜೀರಿಗೆ ಪುಡಿ ಮಾಡಿಟ್ಟಿದ್ದೆ, ಹಳೆ ಕಾಟನ್ ಸೀರೆ ಹರಿದು ಮಡಿಸಿಟ್ಟಿದ್ದೆ, ಸಾಂಬ್ರಾಣಿ ತಂದಿಟ್ಟಿದ್ದೆ. ಅಷ್ಟೂ ಒಂದು ಡಬ್ಬದಿಂದಾಗಿ ಕಾರು ಹತ್ತಿ ಸಮೇತನಹಳ್ಳಿಗೆ ಹೋಗಿಬಿಡುವುದೇ? ಚಿಕ್ಕಮ್ಮನ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ನೀರು ನಿಜಕ್ಕೂ ಆರಿದ ಕಾಫಿಯೇ.

ಸಿಟ್ಟನ್ನೆಲ್ಲ ಮನೆಯವರ ಕಡೆ ತಿರುಗಿಸಿದೆ. (ಗಂಡಂದಿರು ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತಾರೆ.) ಅವರು ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅಲ್ಲಿಯವರೆಗೆ ನಾನು ಗ್ಯಾಸ್ ಒಲೆಯ ಮೇಲೆ ದೊಡ್ಡ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಮಸಿಬಟ್ಟೆಯಲ್ಲಿ ಹಿಡಿದು ಬಚ್ಚಲಿಗೆ ಸಾಗಿಸಿದೆ.

ಮೆಕ್ಯಾನಿಕ್ ಬರುತ್ತಾನೆಂದು ಗೊತ್ತಾದ ಕೂಡಲೇ ಚಿಕ್ಕಮ್ಮ ಸೆರಗು ಸಿಕ್ಕಿಸಿದರು. ‘ಬೇರೆಯವರು ಬರೋ ಹೊತ್ಗೆ ಹಿತ್ತಲು ಹಿಂಗಾ ಇರೋದು?’ ಎಂದು ಓಣಿಯಲ್ಲಿ ಒಣಗಲು ಹಾಕಿದ್ದ ಮಗುವಿನ ಬಟ್ಟೆ ತೆಗೆದರು. ಮೆಷೀನಿಗೆ ತಾವೇ ಕಟ್ಟಿದ್ದ ಗೋಣಿಚೀಲ, ಹಳೆ ಜಮಖಾನ ಬಿಚ್ಚಿದರು. ಗುಡಿಸಿ ನೀರು ಚಿಮುಕಿಸಿದರು. ಓಣಿ ಫಳಫಳ.

ಆತ ಬಂದ, ಬಟನ್ ಒತ್ತಿದ, ನಮ್ಮ ಕಾಫಿ ಕುಡಿದ, ತನ್ನ ಫೋನ್ ನೋಡುತ್ತಾ ಒಂದೆರಡು ಗಂಟೆ ಕೂತ. ಆಮೇಲೆ ನಲ್ಲಿ ಬಿಟ್ಟರೆ ಹಬೆ!

‘ಎಲ್ಲ ಸರಿ ಐತಲ್ಲ ಮೇಡಂ?’

‘ಬೆಳಿಗ್ಗೆ ಕಾದಿರಲಿಲ್ಲ ಕಣಪ್ಪ.’

‘ನೀವು ನೀರು ಜಾಸ್ತಿ ಯೂಸ್ ಮಾಡ್ತಿದೀರ ಅನ್ಸುತ್ತೆ’ ಎಂದು ಬ್ಯಾಗ್ ಹೆಗಲಿಗೇರಿಸಿ ಹೊರಟ.

ಮಾರನೇ ಬೆಳಿಗ್ಗೆ ಮತ್ತೆ ಉಗುರುಬೆಚ್ಚಗೆ. ಮತ್ತೆ ಫೋನ್, ಮತ್ತೆ ಚಿಕ್ಕಮ್ಮನ ಸಂಭ್ರಮದ ಕ್ಲೀನಿಂಗ್, ಮತ್ತೆ ಅದೇ ಮೆಕ್ಯಾನಿಕ್, ಮತ್ತೆ ಹಬೆ. ಈ ಸಲ ಆತ ನನ್ನನ್ನು ನೋಡಿದ ರೀತಿ ಇತ್ತಲ್ಲ, ನನಗೇ ನನ್ನ ಮೇಲೆ ಅನುಮಾನ ಬಂತು. ನಿಮ್ಮ ಮನೆಯಲ್ಲೂ ಹೀಗಾಗಿರಬೇಕು. ರಿಪೇರಿಯವನು ಬಂದ ಕೂಡಲೇ ಮಿಕ್ಸಿ ತಿರುಗುತ್ತದೆ, ಟಿವಿ ಮಾತಾಡುತ್ತದೆ. ಇವುಗಳಿಗೆಲ್ಲ ನಮ್ಮ ಮರ್ಯಾದೆ ತೆಗೆಯಬೇಕೆಂಬ ಹಟವೇಕೆ?

ಶನಿವಾರ ಬಂತು. ಚಿಕ್ಕಮ್ಮ ತಮ್ಮ ಬ್ಯಾಗಿಗೆ ಸೀರೆ ತುಂಬತೊಡಗಿದರು. ನಾನು ಬಾಣಂತಿ ಕೋಣೆಗೆ ಹೋಗಿ, ಮಗುವನ್ನು ಎತ್ತಿಕೊಂಡು ಕೂತೆ. ಅಳು ಬಂತು. ಬಂದಿದ್ದನ್ನು ಯಾಕೆ ಮುಚ್ಚಿಡಲಿ?

ದಿವ್ಯ ನನ್ನನ್ನೇ ನೋಡುತ್ತಿದ್ದಳು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಸ್ಕಾರ್ಫು, ಕಾಲಿಗೆ ಸಾಕ್ಸು, ಮುಚ್ಚಿದ ಕಿಟಕಿ. ಅವಳಿಗೆ ನೋಡುವುದಕ್ಕೆ ಗೋಡೆ ಮಾತ್ರ, ಕೇಳುವುದಕ್ಕೆ ಕಿಟಕಿಯಾಚೆ ಓಣಿಯ ಸದ್ದು ಮಾತ್ರ.

‘ಅಮ್ಮ, ಒಂದು ವಿಷಯ. ಮೆಕ್ಯಾನಿಕ್ ಬಂದಾಗ ಆ ಮೆಷೀನ್ ಬುರ್ ಅಂತ ಆರಾಮಾಗಿ ಓಡುತ್ತೆ. ಬೇರೆ ಹೊತ್ತಲ್ಲಿ ಉಬ್ಬಸ ಬಂದೋರ ಥರ ಮಾಡುತ್ತೆ. ಹತ್ತಿ ಇಟ್ಕೊಂಡಿರೋ ನನಗೇ ಕೇಳುತ್ತೆ, ನಿಮಗೆ ಯಾರಿಗೂ ಕೇಳ್ಸಲ್ವಾ?’

ಎದ್ದು ಹಿತ್ತಲಿಗೆ ಹೋದೆ. ಮೆಷೀನು ಗೋಣಿಚೀಲ ಸುತ್ತಿಕೊಂಡು, ಮೇಲೆ ಜಮಖಾನ ಹೊದ್ದು, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು ನಿಂತಿತ್ತು. ಆ ಹಗ್ಗದ ಒಂದು ತುದಿಯನ್ನು ಮೊದಲ ದಿನ ಹಿಡಿದುಕೊಟ್ಟವಳು ನಾನೇ! ಬಿಸಿಲಿಗೆ ಸ್ಕೂಟರಿಗೆ ಕವರ್ ಹಾಕುತ್ತೇವಲ್ಲ, ಹಾಗೆ ಏನೋ ಎಂದುಕೊಂಡಿದ್ದೆ.

‘ಇದನ್ನ ಯಾಕೆ ಕಟ್ಟಿದ್ದು ಚಿಕ್ಕಮ್ಮ?’

‘ಮತ್ತೆ? ಅದು ತಣ್ಣನೆ ಗಾಳಿ ಬಿಡ್ತದೆ ಕಣಮ್ಮಿ! ನೀರು ಹಾಕ್ಕೊಂಡು ಬಾಗಿಲು ದಾಟಿದ್ರೆ ಸೀದಾ ಬಾಣಂತಿ ಮೈ ಮೇಲೇ ಹೊಡೀತದೆ. ಶೀತ ಆದ್ರೆ ಯಾರು ನೋಡ್ಕೊಳೋರು?’

ನಮ್ಮ ಮನೆಯವರು ಮ್ಯಾನುಯಲ್ ಕೆಳಗಿಟ್ಟರು. ‘ಅತ್ತೆ, ಅದು ಗಾಳೀಲಿರೋ ಬಿಸಿನ ನೀರಿಗೆ ಕೊಟ್ಟು, ತಣ್ಣಗಾದ ಗಾಳಿನ ಹೊರಗೆ ಬಿಡುತ್ತೆ. ಗಾಳಿನೇ ಆಡದಿದ್ರೆ ಅದು ಬಿಸಿನ ಎಲ್ಲಿಂದ ತರುತ್ತೆ?’ ಎಂದು, ಸಿಕ್ಕಿದ್ದೇ ಅವಕಾಶವೆಂದು, ಎದೆಯುಬ್ಬಿಸಿದರು.

ಚಿಕ್ಕಮ್ಮ ಸುಮ್ಮನಾಗಲಿಲ್ಲ. ಸುಮ್ಮನಾಗುವವರೂ ಅಲ್ಲ.

‘ಸರಿ ಅಳಿಯಂದ್ರೆ, ಅದಕ್ಕೆ ಗಾಳಿ ಬೇಕು. ಒಪ್ಪಿದೆ. ಅದರ ಬಾಯಿನ ಬಚ್ಚಲು ಬಾಗಿಲಿಗೇ ತಿರುಗ್ಸಿ ಇಡ್ಸಿದ್ದು ಯಾರು? ನೆಂದ ಮೈಲಿ ಈಚೆಗೆ ಬರೋರು ಯಾರು ಅಂತ ನಿಮಗೆ ಹೊಳೀಲಿಲ್ವಾ?’

ಉಬ್ಬಿದ ಎದೆ ಇಳಿಯಿತು. ನಿಜವಲ್ಲವೇ? ನಲ್ಲಿಗೆ ಹತ್ತಿರ, ಪೈಪು ಉಳಿಯುತ್ತದೆ ಎಂದು ಲೆಕ್ಕ ಹಾಕಿದ ಗಂಡಸರಿಗೆ, ಸ್ನಾನ ಮುಗಿಸಿದ ಬಾಣಂತಿ ಯಾವ ಬಾಗಿಲಿಂದ ನಡೆದು ಬರುತ್ತಾಳೆ ಎಂಬುದು ತಲೆಗೇ ಬಂದಿರಲಿಲ್ಲ. ಅದನ್ನು ಇಟ್ಟಾಗ ಅಲ್ಲೇ ಓಡಾಡಿಕೊಂಡಿದ್ದ ನನಗೂ ಬಂದಿರಲಿಲ್ಲ, ಬಿಡಿ. ಮೆಷೀನ್ ಹೇಳುವುದೂ ಸರಿ, ಚಿಕ್ಕಮ್ಮ ಹೇಳುವುದೂ ಸರಿ. ಇಬ್ಬರ ನಡುವೆ ತಣ್ಣಗಾಗಿದ್ದು ನೀರು.

ಅವತ್ತೇ ಸಂಜೆ ಮೆಕ್ಯಾನಿಕ್‌ನನ್ನು ಮತ್ತೆ ಕರೆಸಿದೆವು. (ನನ್ನನ್ನು ನೋಡಿದವನೇ ‘ಮತ್ತೇನಾಯ್ತು ಮೇಡಂ?’ ಎಂದು ಗೇಟಿನಲ್ಲೇ ನಿಂತ.) ಮೆಷೀನನ್ನು ಕರಿಬೇವಿನ ಗಿಡದ ಕಡೆಗೆ ತಿರುಗಿಸಿ ಕೂರಿಸಿದ. ಗೋಣಿಚೀಲಗಳು ಮಡಿಕೆಯಾಗಿ ಒಳಗೆ ಹೋದವು. ಬಾಣಂತಿ ನೀರು ಹಾಕಿಕೊಂಡು ಕೋಣೆ ಸೇರುವವರೆಗೆ ಸ್ವಿಚ್ ಆಫ್, ಆಮೇಲೆ ಆನ್ ಎಂದು ಚಿಕ್ಕಮ್ಮ ಕಾನೂನು ಮಾಡಿದರು. ಆ ಸ್ವಿಚ್ಚಿನ ಜವಾಬ್ದಾರಿ ನಮ್ಮ ಮನೆಯವರಿಗೆ.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಬಕೆಟ್ಟಿಗೆ ಮೊಣಕೈ ಅದ್ದಿದರು. ತಟ್ಟನೆ ತೆಗೆದರು. ‘ಹೂಂ’ ಎಂದರು. ಅಷ್ಟೇ. ದಿವ್ಯಳ ಸೊಂಟದ ಮೇಲೆ ಮೊದಲ ಚೊಂಬು ಬಿತ್ತು. ‘ಅಯ್ಯಯ್ಯೋ!’ ಎಂದಳು. ನನಗೆ ಅದಕ್ಕಿಂತ ಇಂಪಾದ ಮಾತು ಈಚೆಗೆ ಕೇಳಿದ ನೆನಪಿಲ್ಲ.

ಆಮೇಲೆ ಮಗುವಿನ ಸರದಿ. ಚಿಕ್ಕಮ್ಮ ಕಾಲು ಚಾಚಿ ಕೂತು, ಬಿಸಿಗೆ ತಣ್ಣೀರು ಬೆರೆಸಿ ಹದ ನೋಡಿ, ಎದ್ದು ನನ್ನತ್ತ ತಿರುಗಿದರು. ‘ನೀನು ಕೂತ್ಕೋ. ಇವತ್ತಿಂದ ಕೂಸಿಗೆ ನೀನೇ ಹಾಕು. ನಾನು ನೀರು ಹುಯ್ಯೋಳು.’ ನನ್ನ ಕಾಲ ಮೇಲೆ ಮೊಮ್ಮಗಳು ಮಲಗಿದಳು, ಊರಿಗೆಲ್ಲ ಕೇಳುವ ಹಾಗೆ ಅತ್ತಳು, ಅರ್ಧದಲ್ಲೇ ನಿದ್ದೆ ಹೋದಳು. ನಾನು ಎಷ್ಟು ಸಂತೋಷವಾಗಿದ್ದೆ ಎಂದು ಬರೆಯಲು ಈ ಅಂಕಣದ ಜಾಗ ಸಾಲದು.

ಸಾಂಬ್ರಾಣಿ ಹೊಗೆ ಹಾಕಿ, ಕಿಟಕಿ ಭದ್ರವಾಗಿದೆಯೇ ಎಂದು ಚಿಕ್ಕಮ್ಮ ಮತ್ತೊಮ್ಮೆ ನೋಡುವಾಗ, ಹಾಸಿಗೆಯಿಂದ ದಿವ್ಯ ಕೇಳಿದಳು: ‘ಅಜ್ಜಿ, ಮೆಷೀನ್‌ಗೆ ಗಾಳಿ ಬೇಕು ಅಂತ ಒಪ್ಪಿದ್ರಲ್ಲ. ನನಗೆ?’

‘ಅದೇನು ಹೆತ್ತೈತಾ?’ ಎಂದರು ಚಿಕ್ಕಮ್ಮ.

ಇದಕ್ಕೆ ಉತ್ತರ ಕೊಡಬಲ್ಲ ಮೆಕ್ಯಾನಿಕ್ ಯಾರಾದರೂ ನಿಮ್ಮ ಕಡೆ ಇದ್ದಾರೆಯೇ?