ಬದು ಮೇದ ಕುರಿಮಂದೆ

ಆಗ ನನಗೆ ಅರವತ್ತೆಂಟು. ಈಗ್ಗೆ ನಾಲ್ಕು ವರ್ಷದ ಮಾತು. ಭರಣಿ ಮಳೆ ಒಂದು ಹದ ಬಿದ್ದು ಹೊಲದ ಸುತ್ತ ಬದುವೆಲ್ಲ ಹಸಿರಾಗಿತ್ತು. ಹೊಲ ಮಾತ್ರ ಮೆತ್ತಗಾಗಿರಲಿಲ್ಲ. ಬಿದ್ದ ನೀರು ಸಿಮೆಂಟ್ ರೋಡಿನ ಮೇಲೆ ಬಿದ್ದ ಹಾಗೆ ಹರಿದು ಹಳ್ಳ ಸೇರಿತ್ತು.

ನಮ್ಮೂರು ಗುಬ್ಬಿಯಿಂದ ಹಾಗಲವಾಡಿಗೆ ಹೋಗೋ ದಾರಿಯಲ್ಲಿದೆ. ಒಂದು ರಾಗಿ ಹೊಲ, ಅದಕ್ಕೆ ಅಂಟಿಕೊಂಡಂಗೆ ತೆಂಗಿನ ತೋಟ. ಯಜಮಾನರು ಇದ್ದಾಗ ಕೊಟ್ಟಿಗೆ ತುಂಬ ದನ ಇದ್ದವು, ತಿಪ್ಪೆ ತುಂಬ ಗೊಬ್ಬರ ಇತ್ತು. ಅವರು ಹೋದರು. ಮಗ ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ಸೇರಿದ. ದನ ನೋಡೋರು ಯಾರು ಅಂತ ಎಲ್ಲಾ ಮಾರಿದ. ಆಮೇಲೆ ಮೂಟೆ ಗೊಬ್ಬರ ಬಂತು. ಮೊದಮೊದಲು ರಾಗಿ ಚೆನ್ನಾಗೇ ಬಂತು, ಸುಳ್ಳು ಯಾಕೆ ಹೇಳಲಿ. ಬರ್ತಾ ಬರ್ತಾ ಮೂಟೆ ಜಾಸ್ತಿ ಆಯ್ತು, ರಾಗಿ ಕಮ್ಮಿ ಆಯ್ತು. ನೆಲ ಗಟ್ಟಿಯಾಗಿ ಟ್ರ್ಯಾಕ್ಟರ್ ನೇಗಿಲ ಗುಳವೂ ಒಳಗಿಳೀದೆ ಕುಣೀತಿತ್ತು. ಮಗ ಬೇಸಾಯ ಮಾಡ್ತಿದ್ದುದೆಲ್ಲ ಫೋನಿನಲ್ಲಿ. ಟ್ರ್ಯಾಕ್ಟರಿನವನಿಗೆ ಒಂದು ಫೋನು, ಔಷಧಿ ಹೊಡೆಯೋನಿಗೆ ಒಂದು ಫೋನು.

ಆ ದಿವಸ ನಾನು ತುಮಕೂರಿಗೆ ಕಣ್ಣು ತೋರಿಸಕ್ಕೆ ಹೋಗಿದ್ದೆ. ಪೊರೆ ಇನ್ನೂ ಬಲಿತಿಲ್ಲ, ಆಮೇಲೆ ಬನ್ನಿ ಅಂದರು. ವಾಪಸ್ ಬರುವಾಗ ಗುಬ್ಬಿ ದಾಟಿದ ಮೇಲೆ ಬಸ್ಸು ನಿಂತುಬಿಟ್ಟಿತು. ನೋಡಿದರೆ ರಸ್ತೆ ತುಂಬ ಕುರಿ. ಪೊರೆ ಬಂದ ಕಣ್ಣಿಗೂ ಅಷ್ಟು ಕುರಿ ಕಂಡವು. ನಾನು ಅಲ್ಲೇ ಇಳಿದೆ. ಕಂಡಕ್ಟರು, “ಅಜ್ಜಿ, ನಿಮ್ಮೂರು ಇನ್ನೂ ಬಂದಿಲ್ಲ” ಅಂದ. “ನಮ್ಮೂರು ಎಲ್ಲೂ ಓಡಿಹೋಗಲ್ಲ, ಕುರಿ ಓಡಿಹೋಗ್ತವೆ” ಅಂದೆ.

ಶಿರಾ ಕಡೆಯ ಕುರಿಯವರು. ಬೇಸಿಗೆಯಲ್ಲಿ ಕುಣಿಗಲ್ ಕಡೆಗೆ ಮೇಯಿಸಕ್ಕೆ ಹೋಗಿ, ಮಳೆ ಬಿದ್ದ ಮೇಲೆ ಊರಿಗೆ ವಾಪಸ್ ಹೊರಟಿದ್ದರು. ಗಂಡ, ಹೆಂಡತಿ, ಎರಡು ನಾಯಿ, ಸಾಮಾನು ಹೊರೋಕೆ ಒಂದು ಕತ್ತೆ. ನಮ್ಮ ಕಡೆ ಹಿಂದಿನಿಂದಲೂ ಇರೋ ಪದ್ಧತಿ: ಬಿತ್ತನೆಗೆ ಮುಂಚೆ ಹೊಲದಲ್ಲಿ ರಾತ್ರಿ ಹೊತ್ತು ಕುರಿಮಂದೆ ನಿಲ್ಲಿಸೋದು. ಸುತ್ತ ಬಲೆ ಕಟ್ಟಿ ಅದರೊಳಗೆ ಕುರಿ ಕೂಡ್ತಾರೆ. ಹಿಕ್ಕೆ, ಗಂಜಲ ಎಲ್ಲಾ ಅಲ್ಲೇ ಬೀಳುತ್ತೆ. ಮಾರನೇ ರಾತ್ರಿ ಬಲೆ ಜರುಗಿಸ್ತಾರೆ. ಹೀಗೆ ಹೊಲ ಪೂರ್ತಿ ಆಗುತ್ತೆ. ಹೊಲದವರು ಅವರಿಗೆ ರಾಗಿ ಕೊಡ್ತಾರೆ. ಮಗ ಬೇಸಾಯ ಹಿಡಿದ ಮೇಲೆ ಅದು ನಿಂತೇ ಹೋಗಿತ್ತು.

ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸೋ ಮಾತು ಮುಗೀತು. ಕುರಿಯವನು ಕೊನೆಗೆ ಒಂದೇ ಒಂದು ಕೇಳಿದ.

“ಅಮ್ಮ, ಹೊಲಕ್ಕೆ, ಬದುವಿಗೆ ಔಷಧಿ ಗಿಷಧಿ ಏನಾರಾ ಹೊಡ್ಸಿದೀರಾ? ಹೋದ್ವರ್ಷ ಯಾರ್ದೋ ತೋಟದಾಗೆ ಹಂಗೇ ಆಗಿ ಗಬ್ಬದ ಕುರಿ ಕಳ್ಕಂಡ್ವಿ.”

“ಇಲ್ಲ ಕಣಪ್ಪ. ನನ್ನ ಹೊಲ ನಂಗೆ ಗೊತ್ತಿಲ್ವಾ?” ಅಂದೆ.

ಮಾರನೇ ದಿನ ಮಧ್ಯಾಹ್ನ ಮಂದೆ ಬಂತು. ಮಗ ಬೇಡ ಅಂತಾನೆ ಅಂತ ನಾನು ಮನೇಲಿ ಯಾರಿಗೂ ಹೇಳಿರಲಿಲ್ಲ. ಸೊಸೆ ಬೆಳಿಗ್ಗೆ ಮೊದಲನೇ ಬಸ್ಸಿಗೇ ತವರಿಗೆ, ಕುಣಿಗಲ್ಲಿಗೆ ಹೋಗಿದ್ದಳು. ಅವರಣ್ಣ ಮನೆಗೆ ಮೋಲ್ಡು ಹಾಕಿಸ್ತಿದ್ದ, ಅಡಿಗೆಗೆ ಜನ ಬೇಕಿತ್ತು. ಸಂಜೆಗೆ ಬರ್ತೀನಿ ಅಂದಿದ್ದಳು. ಕುರಿಗಳು ಬಂದಿದ್ದೇ ಬದುವಿಗೆ ಬಾಯಿ ಹಾಕಿದವು. ಬೇಸಿಗೆಯೆಲ್ಲ ಒಣಗಲು ತಿಂದು ಬಂದವು, ಪಾಪ, ಎಳೆ ಹುಲ್ಲು ಕಂಡರೆ ಬಿಡ್ತವಾ? ಬದುವಿನ ಉದ್ದಕ್ಕೂ ಹರ್‌ ಹರ್‌ ಅಂತ ಹರಕೊಂಡು ತಿಂತಾ ಇದ್ದವು. ಅದನ್ನ ಕೇಳ್ತಾ ನಾನು ತೆಂಗಿನ ಮರದ ಬುಡದಲ್ಲಿ ಕೂತಿದ್ದೆ. ಕುರಿಯವನ ಹೆಂಡತಿ ಮೂರು ಕಲ್ಲು ಇಟ್ಟು ಒಲೆ ಹೂಡಿದ್ದಳು.

ಬಿಸಿಲು ಇಳಿಯೋ ಹೊತ್ತಿಗೆ ಮಗ ಫ್ಯಾಕ್ಟರಿ ಬಸ್ ಇಳಿದು ಬಂದ. ದೂರದಿಂದಲೇ ಕೂಗಿದ.

“ಅಮ್ಮಾ, ಯಾವನು ಬಿಟ್ಟಿದ್ದು ಕುರಿನ?”

“ನಾನೇ ಕಣ್ಲಾ ಕರ್ಸಿದ್ದು. ಮಂದೆ ನಿಲ್ಸಕ್ಕೆ.”

ಅವನು ಓಡಿ ಹತ್ತಿರ ಬಂದು ಮೆಲ್ಲಗೆ ಅಂದ, “ನಿನ್ನೆ ಬದಿಗೆ ಕಳೆ ಔಷಧಿ ಹೊಡ್ಸಿದೀನಿ ಕಣಮ್ಮ. ನೀನು ತುಮಕೂರಿಗೆ ಹೋಗಿದ್ಯಲ್ಲ, ಆವಾಗ.”

“ಹುಲ್ಲು ಹಸಿರಾಗೇ ಐತಲ್ಲೋ?”

“ಅದು ಒಣಗಕ್ಕೆ ವಾರ ಹಿಡಿಯುತ್ತೆ.”

ಯಾವುದಕ್ಕೂ ಹೊಡೆದೋನಿಗೆ ಒಂದು ಫೋನ್ ಮಾಡು ಅಂದೆ. ಔಷಧಿ ಹೊಡೆಯೋನಿಗೆ ಮಾಡಿದ, ಸ್ಪೀಕರ್ ಹಾಕಿದ.

“ಹೊಡೆದ್ಯೇನೋ ನಮ್ಮ ಬದಿಗೆ?”

“ಹೂಂ ಅಣ್ಣ. ನೀಟಾಗಿ ಹೊಡ್ದಿದೀನಿ. ಒಂದು ಗರಿಕೆನೂ ಬಿಟ್ಟಿಲ್ಲ.”

ಮಗ ಫೋನ್ ಜೇಬಿಗೆ ಹಾಕಿಕೊಂಡು ಸುತ್ತ ನೋಡಿದ. “ಅಮ್ಮ, ಸುಮ್ನಿರು. ಏನಾದ್ರೂ ಒಂದು ನೆಪ ಹೇಳಿ ಈಗ್ಲೇ ಸಾಗಹಾಕೋಣ. ಏನಾಗೋದಿದ್ರೂ ಮುಂದಿನೂರಲ್ಲಿ ಆಗ್ಲಿ.”

“ಬಾಯ್ಮುಚ್ಚು” ಅಂದೆ. “ನಿಮ್ಮಪ್ಪ ಇದ್ದಿದ್ರೆ ಎಕ್ಕಡ ತಗೋತಿದ್ದ.”

ನಾನೇ ಹೋಗಿ ಕುರಿಯವನಿಗೆ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. “ಅಪ್ಪಾ, ಬದಿಗೆ ಔಷಧಿ ಹೊಡ್ದವ್ರಂತೆ. ನಂಗೆ ಗೊತ್ತಿರ್ಲಿಲ್ಲ. ಕುರಿ ಎಬ್ಬಿಸು.”

ಅವನು ನನ್ನ ಮುಖ ಕೂಡ ನೋಡಲಿಲ್ಲ. ಬಾಯಲ್ಲಿ ಎಂಥದೋ ಸದ್ದು ಮಾಡಿದ. ನಾಯಿಗಳು ಓಡಿದವು, ಮಂದೆಯೆಲ್ಲ ಬದು ಬಿಟ್ಟು ಹೊಲದ ನಡುಮಧ್ಯಕ್ಕೆ ಬಂತು. ಅವನು ಒಂದೊಂದೇ ಕುರಿ ಹಿಡಿದು ಬಾಯಿ ಅಗಲಿಸಿ ನೋಡಿದ, ಹೊಟ್ಟೆ ಮುಟ್ಟಿ ನೋಡಿದ. ಹೆಂಡತಿ ಒಲೆ ಮೇಲಿನ ಎಸರು ಹಾಗೇ ಬಿಟ್ಟು ಬಂದಳು.

“ನನ್ನ ಹೊಲ ನಂಗೆ ಗೊತ್ತಿಲ್ವಾ ಅಂದ್ಯಲ್ಲ ಅಜ್ಜಿ! ನಿನ್ನ ನಾಲಿಗೆಗೆ ಹುಳ ಬೀಳಾ! ವರ್ಷಪೂರ್ತಿ ಊರು ಬುಟ್ಟು ತಿರುಗಿ ಸಾಕಿರೋ ಜೀವ ಇವು.”

ನಾನು ಬೈಸಿಕೊಂಡೆ. ಬೈಸಿಕೊಳ್ಳೋ ಕೆಲಸವೇ ಆಗಿತ್ತು. ಮಗ ಗುಬ್ಬಿಯ ದನದ ಡಾಕ್ಟರಿಗೆ ಫೋನ್ ಮಾಡಿದ. ನೊರೆ ಬರ್ತಿದ್ಯಾ, ಹೊಟ್ಟೆ ಉಬ್ಬರ ಇದ್ಯಾ ನೋಡ್ತಾ ಇರಿ, ನಾನು ಹೊರಟೆ ಅಂದರಂತೆ. ಎಲ್ಲರೂ ನಿಂತು ನೋಡಿದೆವು. ಕುರಿಯವನು ಕುಕ್ಕರಗಾಲಲ್ಲಿ ಕೂತು ನಿಧಾನಕ್ಕೆ ಹೇಳಿದ:

“ಸತ್ರೆ ನಂದು ಸಾಯ್ತವೆ ಬುಡಮ್ಮ. ಆದ್ರೆ ಇನ್ ಮೇಲೆ ಈ ದಾರಿಗೆ ಒಂದು ಮಂದೆನೂ ಬರಲ್ಲ. ನಾವು ನಾವು ಹೇಳ್ಕಂತೀವಿ. ನಿನ್ನ ಹೊಲ ಒಂದೇ ಅಲ್ಲ, ನಿಮ್ಮೂರಿನ್ ಯಾವ ಹೊಲಕ್ಕೂ.”

ಅದು ಶಾಪ ಹಾಕಿದ್ದಲ್ಲ. ಇದ್ದದ್ದು ಇದ್ದಂಗೆ ಹೇಳಿದ್ದು. ಅದಕ್ಕೇ ಜಾಸ್ತಿ ತಟ್ಟಿತು. ಒಂದು ಗಬ್ಬದ ಕುರಿ ಮಲಗಿತು. ಅದು ಮೆಲುಕು ಹಾಕಕ್ಕೆ ಶುರು ಮಾಡಿತು.

ಆ ಹೊತ್ತಿಗೆ ಸೊಸೆ ಬಂದಳು. ಬಸ್ ಸ್ಟಾಪಿನಿಂದ ಹೊಲದ ದಾರೀಲೇ ಬರೋದು ಅವಳ ಅಭ್ಯಾಸ. ಕೈಯಲ್ಲಿ ತವರಿನ ಬ್ಯಾಗು. ನಾವೆಲ್ಲ ಹೆಣದ ಮುಂದೆ ನಿಂತಂಗೆ ನಿಂತಿದ್ದು ನೋಡಿ, “ಏನಾಯ್ತತ್ತೆ?” ಅಂದಳು.

“ಆಗೋದೇನು. ನಿನ್ ಗಂಡ ಬದಿಗೆ ಔಷಧಿ ಹೊಡ್ಸವ್ನೆ. ಕುರಿ ತಿಂದವೆ.”

“ಯಾವ ಬದಿಗೆ? ಇದಕ್ಕಾ? ಇದಕ್ಕೆ ಹೊಡೆದೇ ಇಲ್ವಲ್ಲ.”

ಮಗ ರೇಗಿದ. “ಏನೇ ಹೊಡೆದಿಲ್ಲ? ಈಗಿನ್ನೂ ಫೋನ್ ಮಾಡಿ ಕೇಳಿದೀನಿ. ಅವ್ನೇ ಹೇಳ್ದ ನೀಟಾಗಿ ಹೊಡ್ದಿದೀನಿ ಅಂತ.”

“ನಾನೇ ಹಂಗ್ ಹೇಳು ಅಂದಿದ್ದು. ಕೂಲಿ ಕೊಟ್ಟೆ, ರೊಟ್ಟಿ ಕೊಟ್ಟೆ, ಹೋಗಪ್ಪ ಅಂದೆ. ಬದು ತುಂಬ ಅಣ್ಣೆ ಸೊಪ್ಪು, ಹೊನಗೊನೆ, ಗೋಣಿ ಸೊಪ್ಪು ಚಿಗುರಿದೆ. ನೀವು ಫೋನಲ್ಲಿ ಔಷಧಿ ಹೊಡ್ಸಿಬಿಟ್ರೆ ನಾನು ಸಾರಿಗೆ ಏನ್ ಹಾಕ್ಲಿ, ನಿಮ್ ಫೋನ್ ಹಾಕ್ಲಾ?”

“ಮತ್ತೆ ನಂಗೆ ಹೇಳ್ಬಾರ್ದಾ?”

“ಹೇಳಿದ್ರೆ ಜಗಳ. ಹೋದ್ವರ್ಷ ಹೇಳಿದ್ದೆನಲ್ಲ, ಕೇಳಿದ್ರಾ?”

ಕುರಿಯವನು ನಂಬಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬ್ತಿರಲಿಲ್ಲ. ಸೊಸೆ ಬ್ಯಾಗನ್ನ ನನ್ನ ಕೈಗೆ ಕೊಟ್ಟು ಮನೆಗೆ ಓಡಿದಳು. ಖಾಲಿ ಕೊಟ್ಟಿಗೆಯ ಅಟ್ಟದಲ್ಲಿ, ತೆಂಗಿನ ಸಿಪ್ಪೆ ಹಿಂದೆ ಬಚ್ಚಿಟ್ಟಿದ್ದ, ಮಗ ತಂದ ಕಳೆ ಔಷಧಿ ಕ್ಯಾನು ಹಿಡಕೊಂಡು ಬಂದಳು. ಕುರಿಯವನು ಅದನ್ನ ಇಸಕೊಂಡು ಮುಚ್ಚಳ ನೋಡಿದ, ಬೆರಳಲ್ಲಿ ತಡವಿದ, ಅಲ್ಲಾಡಿಸಿದ. ಸೀಲು ಒಡೆದಿರಲಿಲ್ಲ. ಹೆಂಡತಿಗೆ ಕೊಟ್ಟ. ಅವಳೂ ತಡವಿದಳು.

“ಒಡ್ದಿಲ್ಲ” ಅಂದಳು.

ನಾನು ಇದ್ದಲ್ಲೇ ಕೂತುಬಿಟ್ಟೆ. ಎದೆ ಮೇಲೆ ಇಟ್ಟಿದ್ದ ರಾಗಿ ಮೂಟೆ ಯಾರೋ ಎತ್ತಿಟ್ಟಂಗಾಯ್ತು. ಮಗ ತಲೆ ಕೆರಕೊಂಡು ನಗಬೇಕೋ ಬೈಯಬೇಕೋ ತಿಳೀದೆ ಹೆಂಡತಿ ಮುಖ ನೋಡ್ತಿದ್ದ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ, ಬರೋದು ಬೇಡ ಸಾರ್ ಅಂದ. ಕುರಿಯವನ ಹೆಂಡತಿ ನನ್ನ ಕಡೆ ತಿರುಗಿ, “ಅಜ್ಜಿ, ನಿಮ್ಮನೇಲಿ ಹೊಲ ಗೊತ್ತಿರೋಳು ಇವ್ಳೊಬ್ಳೇ ಬುಡು” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಒಲೆ ಹತ್ತಿರ ಓಡಿದಳು, ಎಸರು ಬತ್ತಿ ತಳ ಹಿಡಿದಿತ್ತು. ಅವರಿಗೂ ನಮ್ಮ ಮನೆಯಿಂದಲೇ ಮುದ್ದೆ, ಸೊಪ್ಪಿನ ಸಾರು ಹೋಯ್ತು. ಕುರಿ ತಿಂದು ಉಳಿಸಿದ್ದ ಸೊಪ್ಪೇ ಅದು.

ಆ ವರ್ಷ ರಾಗಿ ತೆನೆ ಕೈ ತುಂಬ ಸಿಗ್ತಿತ್ತು. ಮೂಟೆ ಗೊಬ್ಬರ ಅರ್ಧಕ್ಕೆ ಇಳೀತು, ಆಮೇಲಿನ ವರ್ಷ ಇನ್ನೂ ಇಳೀತು. ಈಗ ಮಳೆ ಬಿದ್ದರೆ ನೀರು ಹಳ್ಳಕ್ಕೆ ಓಡಲ್ಲ, ನಮ್ಮ ಹೊಲದಲ್ಲೇ ಇಂಗುತ್ತೆ. ಮಣ್ಣು ಕೆದಕಿದರೆ ಎರೆಹುಳ ಸಿಗ್ತವೆ. ರಾಗಿ ಸಾಲಿನ ನಡುವೆ ಅವರೆ, ತೊಗರಿ ಅಕ್ಕಡಿ ಹಾಕ್ತೀವಿ. ನಮ್ಮ ಬದುವಿಗೆ ಬೀದಿ ಹೆಂಗಸರೆಲ್ಲ ಸೊಪ್ಪಿಗೆ ಬರ್ತಾರೆ, ಬರಲಿ. ಮಗ ಭಾನುವಾರ ಬರಿಗಾಲಲ್ಲಿ ಹೊಲಕ್ಕೆ ಬರ್ತಾನೆ, ಒಂದು ಹಸುನೂ ತಂದ. ಕುರಿಯವರು ವರ್ಷ ವರ್ಷ ಬರ್ತಾರೆ, ಅವರ ಹಿಂದೆ ಇನ್ನೆರಡು ಮಂದೆ ಬರ್ತವೆ. ಊರಲ್ಲಿ ಯಾರಿಗೆ ಮೊದಲು ಅಂತ ಜಗಳ ಆಡ್ತಾರೆ. ನೋಡಕ್ಕೆ ಚೆನ್ನಾಗಿರುತ್ತೆ ಆ ಜಗಳ.

ಅದೆಲ್ಲ ಆಮೇಲಿನ ಮಾತು. ಆ ರಾತ್ರಿ ಮಂದೆ ನಮ್ಮ ಹೊಲದಲ್ಲೇ ಮಲಗಿತು. ಇನ್ನೂ ಕೆಲವು ರಾತ್ರಿ ಇರೋದಿತ್ತು. ಆದರೆ ಕುರಿ ಹಗಲು ಮೇಯಬೇಕಲ್ಲ, ನಮ್ಮ ಬದು ಒಂದೇ ದಿನಕ್ಕೆ ಬೋಳಾಗಿತ್ತು. ಸುತ್ತಲಿನವರ ಬದುವಿಗೇ ಹೋಗಬೇಕು.

ಮಾರನೇ ಬೆಳಿಗ್ಗೆ ಕುರಿಯವನು ಬಲೆ ಬಿಚ್ಚೋದಕ್ಕೆ ಮುಂಚೆ ನಾನು ಹೋಗಿ ಪಕ್ಕದ ಹೊಲದ ನನ್ನ ಮೈದುನನ ಬಾಗಿಲು ಬಡಿದೆ. ಪಂಚೆ ಸುತ್ತಿಕೊಳ್ತಾ ಬಂದ.

“ನಿನ್ನ ಬದಿಗೆ ಏನಾದ್ರೂ ಔಷಧಿ ಹೊಡ್ಸಿದೀಯಾ?”

“ಇನ್ನೂ ಮುಖ ತೊಳ್ದಿಲ್ಲ ಅತ್ತಿಗೆ.”

“ಮುಖ ಆಮೇಲೆ ತೊಳ್ಕೋ. ಹೊಡ್ಸಿದೀಯಾ ಇಲ್ವಾ?”

“ಇಲ್ಲ ಅತ್ತಿಗೆ, ಹೊಡ್ಸಿಲ್ಲ.”

“ಹಂಗಾದ್ರೆ ಸರಿ. ನಿನ್ ಹೆಂಡ್ತಿನ ಕರಿ, ಅವಳನ್ನೂ ಕೇಳ್ತೀನಿ” ಅಂದೆ.