ಅತ್ತೆಯ ಹೂಂ

ನಾನು ಕಥೆ ಬರೆಯುವುದು ಕಲಬುರಗಿಯ ಬಾಡಿಗೆ ಮನೆಯಲ್ಲಿ. ಅದು ಕಥೆಯಾಯಿತೋ ಇಲ್ಲವೋ ಎಂದು ಗೊತ್ತಾಗುತ್ತಿದ್ದದ್ದು ಕಮಲಾಪುರದಲ್ಲಿ. ಅಲ್ಲಿ ನನ್ನ ಸೋದರತ್ತೆ ಇದ್ದಳು, ಅಕ್ಷರ ಬಾರದವಳು. ಭಾನುವಾರ ಬಸ್ಸು ಹಿಡಿದು ಹೋಗಿ, ಅವಳು ತೊಗರಿ ಹಸನು ಮಾಡುತ್ತ ಕೂತಾಗ ಬರೆದದ್ದನ್ನು ಓದುತ್ತಿದ್ದೆ.

ನಮ್ಮ ಕಡೆ ಕಥೆ ಕೇಳುವವರು ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ, ಮಾತಿಗೊಮ್ಮೆ ಹೂಂ ಅನ್ನಬೇಕು. ಅತ್ತೆಗೆ ಹಿಡಿಸಿದರೆ ಉದ್ದನೆಯ ಹೂಂ, ನಂಬಿಕೆ ಬರದಿದ್ದರೆ ಗಿಡ್ಡನೆಯದು. ಬೇಸರವಾದರೆ ಇಲ್ಲವೇ ಇಲ್ಲ. ಅವಳು ಅಂದಲ್ಲೆಲ್ಲ ಸಾಲಿನ ಕೊನೆಗೆ ಪೆನ್ಸಿಲಿನಲ್ಲಿ 'ಹೂಂ' ಎಂದು ಬರೆದುಕೊಳ್ಳುತ್ತಿದ್ದೆ. ಗುರುತಿಲ್ಲದ ಸಾಲುಗಳನ್ನು ಮನೆಗೆ ಬಂದು ಹೊಡೆದುಹಾಕುತ್ತಿದ್ದೆ. ಕಥೆ ತಿದ್ದುವ ವಿದ್ಯೆ ನನಗೆ ಗೊತ್ತಿದ್ದದ್ದು ಇಷ್ಟೇ.

ಕೊನೆಯ ಕಥೆ ಮುನಿಸಿಕೊಂಡು ಊರು ಬಿಟ್ಟ ಹೆಂಗಸೊಬ್ಬಳದು. ಅರ್ಧ ಓದಿದ್ದೆ, ಅತ್ತೆ ಕೈ ಅಡ್ಡ ಹಿಡಿದಳು.

"ನಿಂದ್ರು ತಮ್ಮಾ. ಆಕಿ ವಾಪಸ್ ಬರ್ತಾಳೋ ಇಲ್ಲೋ, ಈಗ ಹೇಳಬ್ಯಾಡ. ಪುಸ್ತಕ ಆದಮ್ಯಾಗ ಅದರಾಗಿಂದೇ ಓದು."

"ಅಲ್ಲೀತನಕ ತಡೀತೀಯೇನು?"

"ಯಾಕ ತಡಿಯಂಗಿಲ್ಲ? ನೀ ಲಗೂ ಮಾಡು."

ಇಬ್ಬರು ಪ್ರಕಾಶಕರು ತಿಂಗಳುಗಟ್ಟಲೆ ಇಟ್ಟುಕೊಂಡು ಹಿಂತಿರುಗಿಸಿದರು. ಮೂರನೆಯವರು ಒಪ್ಪಿದರು ನೋಡಿ, ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆ ಗಡಿಬಿಡಿಯಲ್ಲಿ ಶುದ್ಧಪ್ರತಿ ಮಾಡದೆ ಪೆನ್ಸಿಲ್ ಗುರುತಿನ ಹಾಳೆಗಳನ್ನೇ ಊರೊಳಗಿನ ಸೂಪರ್ ಮಾರ್ಕೆಟ್ ಪೇಟೆಯ ಡಿಟಿಪಿ ಅಂಗಡಿಗೆ ಕೊಟ್ಟುಬಿಟ್ಟೆ. ಕರಡಚ್ಚು ಬಂತು. ನೋಡುತ್ತೇನೆ, ಪುಟಪುಟಕ್ಕೂ ಹೂಂ! ಪೊಲೀಸ ಗದರಿಸಿದರೂ ಹೂಂ, ಹೆಣ ಎತ್ತಿದರೂ ಹೂಂ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

"ಇದೇನ್ರೀ ಇದು? ತಲಿಗಿಲಿ ಕೆಟ್ಟದೇನು?"

"ನೀವೇ ಬರದೀರಲ್ರೀ ಸರ," ಎಂದರು ಟೈಪು ಮಾಡಿದವರು. "ನನಗಂತೂ ಭಾಳ ಚಂದ ಅನಸ್ತರೀ. ಯಾರೋ ಬಾಜೂಕ ಕುಂತು ಕೇಳಾಕತ್ತಂಗ."

ನಾನೆಲ್ಲಿ ಕೇಳಬೇಕು? ಓದಿದವರು ನಕ್ಕಾರೆಂಬ ನಾಚಿಕೆ. ಒಂದನ್ನೂ ಬಿಡದೆ ಕೆಂಪು ಶಾಯಿಯಲ್ಲಿ ಹೊಡೆದೆ. ಸಾಲು ಜರುಗಿ ಪುಟಗಳೆಲ್ಲ ಏರುಪೇರಾದವು. ಮತ್ತೆ ಕರಡು, ಮತ್ತೆ ತಿದ್ದುಪಡಿ. ಅಚ್ಚು ಒಂದು ತಿಂಗಳು ಮುಂದೆ ಹೋಯಿತು. ಅತ್ತೆ ಪಕ್ಕದ ಮನೆಯವರಿಂದ ಎರಡು ಸಲ ಫೋನು ಮಾಡಿಸಿದಳು. "ನಡದದ ಅತ್ತಿ, ತಡಿ ಸ್ವಲ್ಪ," ಎಂದೆ.

ಆ ತಿಂಗಳಲ್ಲೇ ಅತ್ತೆ ಹೋದಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಅವಳನ್ನು ಮಣ್ಣು ಮಾಡಿದ ಮರುವಾರ ಪುಸ್ತಕದ ಕಟ್ಟು ಬಂತು. ಬಿಚ್ಚಲು ಮನಸ್ಸಾಗಲಿಲ್ಲ.

ಈಗ ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಪರಿಚಯದವರು ಗಾಡಿ ನಿಲ್ಲಿಸಿ, ಆ ಕಥೆಯ ಕೊನೆ ಬಹಳ ಚೆನ್ನಾಗಿದೆ ಎನ್ನುತ್ತಾರೆ. ನಕ್ಕು ಮುಂದೆ ಹೋಗುತ್ತೇನೆ. ಗುರುತು ಪರಿಚಯ ಇಲ್ಲದವರಿಗೂ ಆ ಕೊನೆ ಗೊತ್ತು, ಕಾದು ಕೂತವಳಿಗೆ ಗೊತ್ತಾಗಲಿಲ್ಲ. ಅವಳು ಎಷ್ಟು ಬೇಡವೆಂದರೂ ಆ ಭಾನುವಾರವೇ ಹೇಳಿಬಿಡಬೇಕಿತ್ತು: ಬರ್ತಾಳ ಅತ್ತಿ, ಆಕಿ ವಾಪಸ್ ಬರ್ತಾಳ.