ವಾರಗಿತ್ತಿಯರ ನಡುವಿನ ಕೊಳ

ಬೆನಿಗ್ನಾ ಬಾಯಿ ತೆಗೆದರೆ ಸೊಚಿಮಿಲ್ಕೊ ಊರಿನ ಕಾಲುವೆಯಲ್ಲಿ ಹೋಗುವ ದೋಣಿಯವರೂ ಗಳ ಊರಿ ನಿಂತು ಕೇಳುತ್ತಿದ್ದರು. ಬೆಳಗಾದರೆ ಸಾಕು, ವಾರಗಿತ್ತಿ ತೊಮಾಸಾಳ ಮೇಲೆ ಶುರು. ಗಂಡಂದಿರು ಒಡಹುಟ್ಟಿದವರು, ಅಂಗಳ ಒಂದೇ. ಇವರಿಬ್ಬರ ನಡುವೆ ಮಾತ್ರ ಒಂದು ಮಾತೂ ನೆಟ್ಟಗಿರಲಿಲ್ಲ.

ಜಗಳದ ಮೂಲ ತೋಟದ ಕೊಳ. ಬೆನಿಗ್ನಾ ತಾನೇ ಗುದ್ದಲಿ ಹಿಡಿದು ತೋಡಿದ್ದು. ಅದರಲ್ಲಿ ಅಹೊಲೊತೆಗಳಿದ್ದವು: ಗೇಣುದ್ದದ ಮೈ, ನಾಲ್ಕು ಗಿಡ್ಡ ಕಾಲು, ಕತ್ತಿನ ಎರಡೂ ಕಡೆ ಪುಕ್ಕದ ಹಾಗೆ ಕಿವಿರು, ಹುಟ್ಟಿದಂದಿನಿಂದ ಸಾಯುವವರೆಗೂ ನೀರೇ ಮನೆ. ಅವಳಪ್ಪ ಬಲೆ ಬೀಸಿದರೆ ಒಂದು ಕಾಲದಲ್ಲಿ ಬುಟ್ಟಿ ತುಂಬ ಸಿಗುತ್ತಿದ್ದವು. ಯಾರೋ ಮಹಾನುಭಾವರು ಕಾಲುವೆಗೆ ತಿಲಾಪಿಯಾ ಮೀನು ತಂದು ಬಿಟ್ಟರು. ಅದು ಮೊಟ್ಟೆ, ಮರಿ ಎಲ್ಲ ನುಂಗಿ ನೀರು ಕುಡಿಯಿತು. ಅಪ್ಪ ಸಾಯುವ ಮುಂಚೆ ಹಿಡಿದುಕೊಟ್ಟ ಒಂದು ಜೋಡಿಯ ಸಂತಾನವಷ್ಟೇ ಈ ಕೊಳದಲ್ಲಿ ಉಳಿದಿತ್ತು. ಇವೂ ಹೋದರೆ ಅಪ್ಪನದು ಅಂತ ಹೇಳಿಕೊಳ್ಳಲು ಬೆನಿಗ್ನಾಗೆ ಇನ್ನೇನೂ ಇರಲಿಲ್ಲ.

ತೊಮಾಸಾಗೆ ಆ ಜಾಗದಲ್ಲಿ ಮೇಜು ಕುರ್ಚಿ ಹಾಕಿ, ಭಾನುವಾರ ದೋಣಿಯಲ್ಲಿ ಬರುವ ಜನಕ್ಕೆ ಬಿಯರು ಮಾರುವ ಆಸೆ.

"ಅಕ್ಕಾ, ಹಲ್ಲಿ ಸಾಕೋಕೆ ಇಷ್ಟು ಜಾಗ ಬೇಕಾ? ಮುಚ್ಚಿಸ್ಬಿಡು."

"ಮೊದಲು ನಿನ್ನ ಬಾಯಿ ಮುಚ್ಚಿಸ್ತೀನಿ. ಈ ನೀರಿಗೆ ಒಂದು ತೊಟ್ಟು ಸೋಪು ಬಿಟ್ಟಿದ್ದು ಗೊತ್ತಾಗ್ಲಿ, ಆಮೇಲೆ ನೋಡು ನಿನಗೆ."

ತೊಮಾಸಾ ಸೋಪು ಬಿಟ್ಟವಳಲ್ಲ, ಬಿಡುವವಳೂ ಅಲ್ಲ. ಆದರೂ ಒಂದು ಮರಿ ಸತ್ತರೆ ಗೂಬೆ ಕೂರುತ್ತಿದ್ದದ್ದು ಅವಳ ಮೇಲೇ.

ಕಂದೆಲಾರಿಯಾ ಹಬ್ಬ ಬಂತು. ಮೆಕ್ಕೆಜೋಳದ ಕಡುಬು, ತಮಾಲೆ, ಇಲ್ಲದೆ ಆ ಹಬ್ಬ ಉಂಟೇ? ಹಿಂದಿನ ದಿನವೇ ಸುಣ್ಣ ಹಾಕಿ ಕುದಿಸಿಟ್ಟ ಮೆಕ್ಕೆಜೋಳವನ್ನು ತೊಳೆಯಲು ಇಬ್ಬರೂ ಅಂಗಳಕ್ಕೆ ಬಂದರು. ಆ ಸುಣ್ಣದ ನೀರು ಅಹೊಲೊತೆಗೆ ವಿಷ. ತೊಮಾಸಾಳನ್ನು ಕೊಳದ ಕಡೆ ಕೂರಿಸಿದರೆ ಕೇಡು ಮಾಡಿಯಾಳು ಅಂತ ಬೆನಿಗ್ನಾ ತನ್ನ ಹಂಡೆಯನ್ನು ದರದರ ಎಳೆದುಕೊಂಡು ತಾನೇ ದಂಡೆಯ ಮೇಲೆ ಕೂತಳು.

ತೊಮಾಸಾ ಜೋಳ ಉಜ್ಜುತ್ತ ಅಂದಳು, "ನಿಮ್ಮಪ್ಪ ಇವನ್ನ ಸುಟ್ಕೊಂಡು ತಿಂತಿದ್ದ. ನೀನು ನೋಡಿದ್ರೆ ಆರತಿ ಎತ್ತೋದೊಂದು ಬಾಕಿ."

ಅಪ್ಪನ ಸುದ್ದಿ ಬಂದದ್ದೇ ತಡ, ಬೆನಿಗ್ನಾಳ ಪಿತ್ತ ನೆತ್ತಿಗೇರಿತು. ಹಂಡೆಯನ್ನೇ ಎತ್ತಿ ಅವಳ ಮೇಲೆ ಸುರಿಯಲು ಹೋದಳು. ತುಂಬಿದ ಹಂಡೆ, ಕೈ ಜಾರಿತು. ಹಿಂದಕ್ಕೆ ಮಗುಚಿಕೊಂಡು ನೀರಷ್ಟೂ ಕೊಳಕ್ಕೆ ಹೋಯಿತು.

ಬೆನಿಗ್ನಾ ನಿಂತಲ್ಲೇ ನಿಂತಳು. ಲಂಗದ ಸಮೇತ ಕೊಳಕ್ಕಿಳಿದವಳು ತೊಮಾಸಾ. ಅವಳ ಬಕೆಟ್ಟಿಗೆ ಜೀವಂತ ಸಿಕ್ಕಿದ್ದು ಮೂರು. ಮಿಕ್ಕವು ಹೊಟ್ಟೆ ಮೇಲಾಗಿ ತೇಲಿದವು.

"ಕೊಡು ಇಲ್ಲಿ," ಅಂತ ಬೆನಿಗ್ನಾ ಕೈ ಚಾಚಿದಳು.

"ಯಾಕೆ, ಇವನ್ನೂ ಕೊಲ್ಲೋಕಾ?"

ಬೆನಿಗ್ನಾ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ತೊಮಾಸಾ ಬಕೆಟ್ಟು ಹೊತ್ತು ತನ್ನ ಮನೆಯ ಮಳೆನೀರಿನ ತೊಟ್ಟಿಗೆ ಅವನ್ನು ಬಿಟ್ಟುಕೊಂಡಳು.

ಈಗ ಬೆನಿಗ್ನಾ ದಿನಾ ಅವಕ್ಕೆ ತಿನ್ನಲು ಎರೆಹುಳ ಅಗೆದು, ಡಬ್ಬಿಗೆ ತುಂಬಿಕೊಂಡು ವಾರಗಿತ್ತಿಯ ಬಾಗಿಲು ತಟ್ಟುತ್ತಾಳೆ. ಬೈಗುಳ ನಾಲಿಗೆ ತುದಿಯಲ್ಲೇ ಇರುತ್ತದೆ, ನುಂಗಿಕೊಳ್ಳುತ್ತಾಳೆ.

"ತೊಮಾಸಾ, ಒಂದೇ ಒಂದ್ಸಲ ನೋಡ್ಕೊಂಡು ಹೋಗ್ತೀನಿ ಕಣೆ."

"ಇಟ್ಟು ಹೋಗು."

ತೊಮಾಸಾ ಡಬ್ಬಿ ಒಳಗೆಳೆದುಕೊಂಡು ಬಾಗಿಲು ಹಾಕುತ್ತಾಳೆ.